ಮಿಷನ್ನಿನ ಶ್ರುತಿ

ಮೊದಲನೆಯ ಹಾಡು ಮುಗಿಯುವವರೆಗೂ ನೋರ್ಕಾಳಿಗೆ ಖುಷಿಯೇ ಆಗಿತ್ತು. ಆಮೇಲೆ ದಿನವಿಡೀ ಅವಳು ತನ್ನನ್ನು ಕ್ಷಮಿಸಿಕೊಳ್ಳಲಾರದೆ ಹೋದದ್ದು ಆ ಖುಷಿಗೇ. ಲಿಮಾ ಪಕ್ಕದ ಲಾ ಪೆರ್ಲಾದಲ್ಲಿ ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟು ಸಿಕ್ಕಿದ್ದೇ ದೊಡ್ಡದೆಂದುಕೊಂಡು, ಕಿವಿಗೆ ಹೆಡ್‌ಫೋನ್ ಏರಿಸಿ, ರೆನ್ಸೊ ಕಳಿಸಿದ್ದ ಹಾಡುಗಳನ್ನು ಹಚ್ಚಿದ್ದಳು. ಹೊರಗೆ ಆಗಸ್ಟಿನ ಚಳಿಗಾಲದ, ಕತ್ತೆಹೊಟ್ಟೆಯಂಥ ಬೂದು ಆಕಾಶ, ಮಳೆಯೆಂದು ಹೇಳಲಾಗದ ಜಿನುಗು, ಒದ್ದೆ ಗೋಡೆಗಳ ಮೇಲೆ ಕಳೆದ ಚುನಾವಣೆಯಲ್ಲಿ ಸೋತವರ ಹೆಸರುಗಳು. ಕಿವಿಯೊಳಗೆ ಗಿಟಾರುಗಳು ಒಂದರ ಮೇಲೊಂದು ಹಾಸಿದ ಕಂಬಳಿಗಳ ಹಾಗೆ ಬಂದವು. ಕಂಬಳಿಗಳ ನಡುವಿನಿಂದ ಅವಳದೇ ದನಿ ಎದ್ದು ಬಂತು, ಇಪ್ಪತ್ತರ ಹರೆಯದ ದನಿ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ. ಇಷ್ಟು ಚೆನ್ನಾಗಿ ಹಾಡುತ್ತಿದ್ದೆನೇ ನಾನು ಎಂದುಕೊಂಡಳು. ಆ ಕಾಲದಲ್ಲಿ ಅವರು ನುಡಿಸುತ್ತಿದ್ದದ್ದು ಬೂಟು ನೋಡುವವರ ಸಂಗೀತ. ವೇದಿಕೆಯ ಮೇಲೆ ನಿಂತು ಜನರ ಮುಖ ನೋಡದೆ ತಮ್ಮ ಕಾಲಬುಡದ ಪೆಡಲುಗಳ ಗುಂಡಿಗಳನ್ನೇ ನೋಡುತ್ತ, ಗಿಟಾರಿನ ಸದ್ದನ್ನು ಹಿಗ್ಗಿಸಿ, ಮಸುಕು ಮಾಡಿ, ಅದರೊಳಗೆ ದನಿಯನ್ನು ಮುಳುಗಿಸಿಬಿಡುವುದು. ಹಾಡಿದವಳಿಗೂ ತಾನು ಹಾಡಿದ ಮಾತು ಸರಿಯಾಗಿ ಕೇಳಬಾರದು, ಅದೇ ಅದರ ಅಂದ. ಆಮೇಲಾಮೇಲೆ ವೇದಿಕೆಯನ್ನೂ ಡ್ರಮ್ಮನ್ನೂ ಬಿಟ್ಟು, ಕಂಪ್ಯೂಟರಿನಿಂದ ಉದ್ದುದ್ದ ಸ್ವರಗಳನ್ನು ಹರಡಿಕೊಂಡು, ಮನೆಯ ಒಂದು ಕೋಣೆಯಲ್ಲಿ ಕೂತು ಅವರು ಮೂವರು, ನೋರ್ಕಾ, ಅವಳ ತಮ್ಮ ಎಫ್ರಾಯಿನ್, ಅವರ ಗೆಳೆಯ ರೆನ್ಸೊ, ಒಂದೇ ಒಂದು ಆಲ್ಬಮ್ ಮಾಡಿದ್ದರು. ‘ಒಣಗದ ಬಟ್ಟೆ’ ಎಂದು ಹೆಸರಿಟ್ಟವನು ಎಫ್ರಾಯಿನ್. ಈಗ, ಅವನು ಹೋಗಿ ಎಷ್ಟೋ ವರ್ಷಗಳಾದ ಮೇಲೆ, ಜರ್ಮನಿಯ ಯಾರೋ ಅದನ್ನು ಗ್ರಾಮಫೋನಿನ ದೊಡ್ಡ ತಟ್ಟೆಯಾಗಿ ಅಚ್ಚು ಹಾಕಿಸುತ್ತಾರಂತೆ. ಹಳೆಯ ಟೇಪನ್ನು ರೆನ್ಸೊ ಸ್ವಚ್ಛ ಮಾಡಿದ್ದ. ನೋರ್ಕಾ ಹೂಂ ಅಂದರೆ ಇವತ್ತು ಸಂಜೆಯೇ ಕಳಿಸುವುದು. ಮೊದಲ ಹಾಡು ಮುಗಿಯುವ ಹೊತ್ತಿಗೆ ಅವಳು ಮನಸ್ಸಿನಲ್ಲಿ ಹೂಂ ಅಂದುಬಿಟ್ಟಿದ್ದಳು.

ಎರಡನೆಯ ಹಾಡಿನಲ್ಲಿ ಅವಳ ದನಿ ‘ಇನ್ನೂ ಒಡೆಯ ಬಂದಿಲ್ಲ’ ಎಂದಿತು. ಯಾವುದರ ಒಡೆಯ? ಗಿಟಾರು ಸ್ವಲ್ಪ ಹೊತ್ತು ಅಲೆದಾಡಿತು. ಆಮೇಲೆ ‘ಮಂಚದ ಕೆಳಗೆ ಮಲಗುತ್ತದೆ’ ಎಂದಿತು. ಏನು ಮಲಗುತ್ತದೆ? ಅವಳು ಹೆಡ್‌ಫೋನಿನ ತಂತಿಯನ್ನು ತಿರುವಿ ನೋಡಿದಳು, ಎಡಗಿವಿಯದನ್ನು ಬಲಗಿವಿಗೆ ಹಾಕಿಕೊಂಡಳು. ಸಾಲುಗಳೆಲ್ಲ ನಡುವಿನಿಂದ ಶುರುವಾಗುತ್ತಿದ್ದವು, ಬಾಗಿಲು ತೆರೆದಾಗ ಒಳಗಿನವರ ಮಾತು ಅರ್ಧದಿಂದ ಕೇಳುವ ಹಾಗೆ. ಸಾಲಿನ ಮೊದಲರ್ಧ ಎಫ್ರಾಯಿನನದು. ಒಂದು ಸಾಲು ಪೂರ್ತಿ ಹಾಡುವಷ್ಟು ಉಸಿರು ಅವನಲ್ಲಿರಲಿಲ್ಲ. ಶ್ವಾಸಕೋಶ ಗಟ್ಟಿಯಾಗುತ್ತ ಹೋಗುವ ಕಾಯಿಲೆ, ಹತ್ತೊಂಬತ್ತಕ್ಕೇ ಮಂಚ ಹಿಡಿಸಿತ್ತು. ಅವನ ಉಸಿರು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಅವಳು ಎತ್ತಿಕೊಳ್ಳಬೇಕು, ಅಲ್ಲಿಂದ ಸಾಲಿನ ಕೊನೆಯವರೆಗೆ ಒಯ್ಯಬೇಕು, ಅಷ್ಟರಲ್ಲಿ ಅವನು ಮತ್ತೆ ಉಸಿರು ತುಂಬಿಕೊಳ್ಳುತ್ತಾನೆ. ಒಂದೊಂದು ದಿನ ಮುಕ್ಕಾಲು ಸಾಲು ಬರುತ್ತಿತ್ತು, ಒಂದೊಂದು ದಿನ ಎರಡೇ ಶಬ್ದ. ಎಲ್ಲಿ ಮುಗಿಯುತ್ತದೆಂದು ಮೊದಲೇ ತಿಳಿಯದ ಕಾರಣ ಅವಳು ಅವನ ಕುತ್ತಿಗೆಯ ಗುಳಿಯನ್ನೇ ನೋಡುತ್ತ ಕೂತಿರುತ್ತಿದ್ದಳು. ಬೂಟು ನೋಡೋರ ಬ್ಯಾಂಡಲ್ಲಿ ಇವಳೊಬ್ಬಳು ಗಂಟಲು ನೋಡೋಳು ಎಂದು ಎಫ್ರಾಯಿನ್ ನಗುತ್ತಿದ್ದ. ನಗಬಾರದೆಂದು ಡಾಕ್ಟರು ಹೇಳಿದ್ದರೂ ನಗುತ್ತಿದ್ದ. ಆಮೇಲೆ ಕೆಮ್ಮು.

ಮೂರನೆಯ ಹಾಡು ಬಂದಾಗ ಇನ್ನೊಂದು ಹೊಳೆಯಿತು. ಮಿಷನ್ ಇರಲಿಲ್ಲ. ಅವನ ಮಂಚದ ಪಕ್ಕದಲ್ಲಿ, ಗಾಳಿಯಿಂದ ಆಮ್ಲಜನಕ ಸೋಸಿ ಮೂಗಿನ ಕೊಳವೆಗೆ ಕೊಡುತ್ತಿದ್ದ ಆ ಮಿಷನ್ನು. ಸಣ್ಣ ಬೀರುವಿನಷ್ಟು ಎತ್ತರ, ಹಗಲಿರುಳು ಗುಂಯ್ ಎನ್ನುತ್ತಿತ್ತು, ನಡುನಡುವೆ ಅದರೊಳಗಿನ ಕವಾಟ ಪುಸ್ಸೆಂದು ಉಸಿರು ಬಿಡುತ್ತಿತ್ತು. ಆರಿಸುವ ಹಾಗಿರಲಿಲ್ಲ. ಆರಿಸಿದರೆ ಅವನ ತುಟಿ ನೀಲಿಯಾಗುತ್ತಿತ್ತು. ರೆಕಾರ್ಡಿಂಗ್ ಶುರುವಾದ ವಾರ ರೆನ್ಸೊ ಅದಕ್ಕೆ ಕಂಬಳಿ ಹೊದಿಸಿ ನೋಡಿದ, ಉದ್ದ ಕೊಳವೆ ಹಾಕಿ ಪಡಸಾಲೆಗೆ ತಳ್ಳಿ ನೋಡಿದ, ಅಮ್ಮ ಕೋಣೆಯ ಅಡ್ಡಕ್ಕೆ ಕಟ್ಟಿದ್ದ ಹಗ್ಗದ ಒದ್ದೆ ಬೆಡ್‌ಶೀಟುಗಳನ್ನೇ ಪರದೆ ಮಾಡಿ ನೋಡಿದ. ಲಿಮಾದ ಚಳಿಗಾಲದಲ್ಲಿ ಬಟ್ಟೆಗಳು ವಾರವಾದರೂ ಒಣಗದೆ ಹಾಗೇ ನೇತಾಡುತ್ತಿದ್ದವು. ಮಿಷನ್ನಿನ ಸದ್ದು ಅವುಗಳನ್ನು ದಾಟಿ ಎಲ್ಲ ಮೈಕಿಗೂ ಬಂತು. "ಲೋ ಮಾರಾಯ, ಅದರ ಬಾಯಿ ಮುಚ್ಚಿಸೋಕ್ಕಾಗಲ್ಲ ಕಣೋ," ಎಂದ ಎಫ್ರಾಯಿನ್ ಮಂಚದಿಂದ. "ಅದಕ್ಕೇ ಶ್ರುತಿ ಕೂಡ್ಸು." ಮಿಷನ್ನಿನ ಗುಂಯ್‌ಕಾರ ಪಿಯಾನೋದ ಯಾವ ಮನೆಗೂ ಸೇರದೆ ಎರಡು ಸ್ವರಗಳ ಸಂದಿಯಲ್ಲಿ ಎಲ್ಲೋ ಇತ್ತು. ರೆನ್ಸೊ ಬೈದುಕೊಳ್ಳುತ್ತಲೇ ಗಿಟಾರಿನ ಒಂದೊಂದು ತಂತಿಯನ್ನೂ ಸಡಿಲಿಸಿ ಆ ಸಂದಿಗೆ ತಂದ. ಕಂಪ್ಯೂಟರಿನ ಸ್ವರಗಳನ್ನೂ ಅಲ್ಲಿಗೇ ಇಳಿಸಿದ. ಕವಾಟದ ಪುಸ್ಸನ್ನೇ ತಾಳವೆಂದುಕೊಂಡರು. ಮೊದಲ ಸಲ ಮೂವರೂ ಮಿಷನ್ನಿನ ಜೊತೆ ಒಂದೇ ಶ್ರುತಿಯಲ್ಲಿ ನಿಂತಾಗ ಆ ಸದ್ದು ಕೋಣೆಯಿಂದ ಮಾಯವಾಯಿತು, ಗಿಟಾರುಗಳ ಒಳಗೆ ಹೋಗಿ ಕೂತಿತು, ಅವಳ ತೋಳಿನ ರೋಮ ಎದ್ದು ನಿಂತಿತ್ತು. ಈಗ ಹೆಡ್‌ಫೋನಿನಲ್ಲಿ ಗಿಟಾರುಗಳು ನೆಲವಿಲ್ಲದೆ ತೇಲುತ್ತಿದ್ದವು. ತಾಳವಿಲ್ಲ. ತಮ್ಮನಿಲ್ಲ. ಅವಳೊಬ್ಬಳು, ಯಾರೂ ಕೇಳದ ಪ್ರಶ್ನೆಗಳಿಗೆ ಉತ್ತರ ಕೊಡುವ ಹುಚ್ಚಿಯ ಹಾಗೆ, ಅರ್ಧರ್ಧ ಸಾಲು ಹಾಡುತ್ತಿದ್ದಳು.

"ಎಲ್ಲಿಗೆ ಹೋದ್ನೋ ಇವ್ನು!" ಎಂದು ಅವಳು ಕೂಗಿಯೇಬಿಟ್ಟಳು. ಕಿವಿ ಮುಚ್ಚಿಕೊಂಡವರಿಗೆ ತಮ್ಮ ಗಂಟಲಿನ ಅಳತೆ ಗೊತ್ತಾಗುವುದಿಲ್ಲ. ಇಡೀ ಬಸ್ಸು ತಿರುಗಿ ನೋಡಿತು. ಪಕ್ಕದ ಹೆಂಗಸು ತನ್ನ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು. "ಹೋಗ್ಲಿ ಬಿಡಮ್ಮ, ಇನ್ನೊಬ್ಬ ಸಿಗ್ತಾನೆ," ಎಂದ ಕಂಡಕ್ಟರ್, ಬಾಗಿಲಲ್ಲಿ ನೇತಾಡುತ್ತ. ಎಲ್ಲರೂ ನಕ್ಕರು. ನೋರ್ಕಾಳ ಮುಖ ಕಾದುಹೋಯಿತು. ಇಳಿಯಬೇಕಾದ ಸ್ಟಾಪು ಹಿಂದೆ ಉಳಿದಿತ್ತು. "ಬಲಗಾಲು ಮೊದ್ಲು, ಬಲಗಾಲು, ಇಳೀರಿ ಬೇಗ," ಎಂದು ಅವನು ಚಲಿಸುವ ಬಸ್ಸಿನಿಂದಲೇ ಅವಳನ್ನು ಇಳಿಸಿದ. ಜಿನುಗಿನಲ್ಲಿ ಹಿಂದಕ್ಕೆ ನಡೆಯುತ್ತ, ಕಂಡಕ್ಟರನಿಗೆ ಹೇಳಬೇಕಾಗಿದ್ದ ಮಾತುಗಳನ್ನೆಲ್ಲ ಅವಳು ಒಂದೊಂದಾಗಿ ಹೇಳಿಕೊಂಡಳು. ಆ ಮಾತುಗಳು ಅವನಿಗಲ್ಲವೆಂದು ಗೊತ್ತಿದ್ದೂ ಹೇಳಿಕೊಂಡಳು.

ಅವಳು ಕೆಲಸ ಮಾಡುವುದು ಮಗ್ದಲೇನಾದ ಮಾರುಕಟ್ಟೆಯ ಹಿಂದಿನ ಕನ್ನಡಕದ ಅಂಗಡಿಯಲ್ಲಿ. ಅಂಗಡಿಯ ಒಡತಿ ದೋನ್ಯಾ ಕ್ಲೋರಿಂದಾ ಒಳ್ಳೆಯ ಹೆಂಗಸು, ಮಾತು ಮಾತ್ರ ಬೆಳಗಿನಿಂದ ಬಾಗಿಲು ಹಾಕುವವರೆಗೆ. "ಏನೇ ಹುಡುಗಿ, ಮುಖ ಯಾಕೆ ಹೀಗೆ ಗಂಟು ಹಾಕ್ಕೊಂಡಿದ್ದೀಯ? ಎಲ್ಲಿ, ನಿನ್ನ ಹಾಡು ಬಂತಂತಲ್ಲ, ಹಾಕು ಕೇಳೋಣ," ಎಂದಳು. ನೋರ್ಕಾ ಬೇಡವೆನ್ನುವಷ್ಟರಲ್ಲಿ ಹೆಡ್‌ಫೋನ್ ಒಡತಿಯ ತಲೆಯ ಮೇಲಿತ್ತು. ಕ್ಲೋರಿಂದಾ ಕಣ್ಣು ಮುಚ್ಚಿ ತಲೆದೂಗಿದಳು. "ಅಯ್ಯಯ್ಯೋ, ಎಷ್ಟು ಚೆನ್ನಾಗಿದೆಯೇ! ಇದು ನೀನೇನಾ? ಮೊದ್ಲೊಂದ್ಸಲ ಕೇಳ್ಸಿದ್ದೆ ನೋಡು, ಆವಾಗ ಹಿಂದ್ಗಡೆ ಫ್ರಿಜ್ಜು ಕೆಟ್ಟು ಕೂಗಿದ ಹಾಗೆ ಇತ್ತು. ಈಗ ಎಷ್ಟು ಸ್ವಚ್ಛ ನೋಡು."

"ಆ ಫ್ರಿಜ್ಜಿನಿಂದ್ಲೇ ನನ್ನ ತಮ್ಮ ಉಸಿರಾಡ್ತಿದ್ದದ್ದು."

"ಏನಂದೆ?" ಎಂದಳು ಕ್ಲೋರಿಂದಾ, ಹೆಡ್‌ಫೋನಿನ ಕಾರಣ ಜೋರಾಗಿ.

"ಏನಿಲ್ಲ ದೋನ್ಯಾ. ಗಿರಾಕಿ ಬಂದ್ರು."

ಸ್ವಚ್ಛ. ಆ ಶಬ್ದವೇ ಅವಳ ಮೈಗೆ ಬೆಂಕಿ ಹಚ್ಚುತ್ತಿತ್ತು. ಎಲ್ಲರಿಗೂ ಸ್ವಚ್ಛ ಬೇಕು. ಆಸ್ಪತ್ರೆಯಲ್ಲಿ ಎಫ್ರಾಯಿನನ ಹಾಸಿಗೆಯನ್ನು ಅವನ ಹೆಣ ಇಳಿಸಿದ ಹೊತ್ತಿನಲ್ಲೇ ಬ್ಲೀಚು ಹಾಕಿ ಒರೆಸಿದ್ದರು. ಅಮ್ಮ ಬಾಗಿಲಲ್ಲಿ ನಿಂತು ಸ್ವಲ್ಪ ತಾಳಿ, ಸ್ವಲ್ಪ ತಾಳಿ ಎನ್ನುತ್ತಿದ್ದಳು. ಸ್ವಚ್ಛ ಮಾಡಬೇಕಲ್ಲಮ್ಮ ಎಂದಿದ್ದಳು ಒರೆಸುತ್ತಿದ್ದ ಹೆಂಗಸು, ತಪ್ಪೇನೂ ಇಲ್ಲದ ದನಿಯಲ್ಲಿ. ಮನೆಗೆ ಬಂದರೆ ಮಿಷನ್ನನ್ನು ಒಯ್ಯಲು ಆಳುಗಳು ಬಂದು ನಿಂತಿದ್ದರು. ಅದನ್ನು ಒಯ್ದ ಮೇಲೆ ಮನೆಯಲ್ಲಿ ಉಳಿದ ಸದ್ದಿಲ್ಲದ ಸದ್ದಿನಲ್ಲಿ ಅಮ್ಮನಿಗೆ ನಿದ್ದೆ ಬರದೆ, ಆ ಚಳಿಗಾಲವೆಲ್ಲ ಫ್ಯಾನು ಹಾಕಿಕೊಂಡು ಮಲಗುತ್ತಿದ್ದಳು, ಮೂರು ಕಂಬಳಿ ಹೊದ್ದು. ಕೊನೆಗೆ ಅರೆಕಿಪಾಗೆ, ತಂಗಿಯ ಮನೆಗೆ ಹೋಗಿಬಿಟ್ಟಳು. "ತಾಯಿ, ಅದು ನನ್ನ ಕಿವಿ," ಎಂದ ಅಂಗಡಿಯಲ್ಲಿ ಎದುರಿಗೆ ಕೂತಿದ್ದ ಮುದುಕ. ನೌಕಾದಳದಿಂದ ನಿವೃತ್ತನಾದವನು, ಲಾ ಪುಂತಾದಿಂದ ಬರುವವನು. ನೋರ್ಕಾ ಕನ್ನಡಕದ ಕಡ್ಡಿಯ ಜೊತೆ ಅವನ ಕಿವಿಯ ಹಾಳೆಯನ್ನೂ ಸೇರಿಸಿ ಬಗ್ಗಿಸುತ್ತಿದ್ದಳು. "ಕ್ಷಮಿಸಿ ಯಜಮಾನ್ರೇ, ಅವಳಿಗೆ ಇವತ್ತು ಮೈ ಸರಿ ಇಲ್ಲ," ಎಂದು ಕ್ಲೋರಿಂದಾ ನಡುವೆ ಬಂದು, ಅವಳ ಕೈಯಿಂದ ಕನ್ನಡಕ ಕಿತ್ತುಕೊಂಡು ತಾನೇ ಕೂರಿಸಿದಳು. "ಈಗ ಹೇಗಿದೆ? ಸ್ಪಷ್ಟವಾಗಿ ಕಾಣ್ಸುತ್ತಾ?" "ಕಾಣ್ಸುತ್ತೆ," ಎಂದ ಮುದುಕ, ಕೆಂಪಾದ ಕಿವಿ ಸವರಿಕೊಳ್ಳುತ್ತ. ಹತ್ತು ವರ್ಷದಿಂದ ಮಾಡಿದ ಕೆಲಸವನ್ನು ಕೈಯಿಂದ ಕಿತ್ತುಕೊಂಡರೆ ಹೇಗಿರುತ್ತದೋ ಹಾಗೆ ಅವಳು ಗೋಡೆಗೆ ಒರಗಿ ನಿಂತಳು.

ಮಧ್ಯಾಹ್ನ ಮಾರುಕಟ್ಟೆಯಲ್ಲಿ ಕೋಳಿ ಸಾರಿನ ಬಟ್ಟಲು ಮುಂದಿಟ್ಟುಕೊಂಡು ರೆನ್ಸೊನಿಗೆ ಫೋನು ಮಾಡಿದಳು.

"ಕೇಳ್ದ್ಯಾ?" ಅವನ ದನಿಯಲ್ಲಿ ಹಬ್ಬವಿತ್ತು. "ಅಳು ಬಂತು ತಾನೇ? ನಿಜ ಹೇಳು, ಅಳು ಬಂತು ತಾನೇ?"

"ಮಿಷನ್ ಎಲ್ಲೋ?"

"ಯಾವ ಮಿಷನ್ನು?"

"ಯಾವ ಮಿಷನ್ನಂತೆ! ಮರ್ತುಹೋಯ್ತಾ? ಒಂದು ವಾರ ಕೂತು ಅದಕ್ಕೆ ತಂತಿ ಕೂಡ್ಸಿದೋನು ನೀನೇ ಅಲ್ವೇನೋ?"

"ಓ, ಅದಾ. ತೆಗ್ದೆ ಕಣೇ. ಎಷ್ಟು ಒದ್ದಾಡಿದೆ ಗೊತ್ತಾ ಅದನ್ನ ತೆಗೆಯೋಕೆ? ಎಲ್ಲೂ ಕಲೆ ಉಳಿದಿಲ್ಲ ನೋಡು."

"ಎಫ್ರಾಯಿನ್ ಎಲ್ಲಿ?"

"ಇದ್ದಾನಲ್ಲ, ಒಳಗಿದ್ದಾನೆ. ನಮ್ಮ ಸಂಗೀತನೇ ಹಾಗಲ್ವಾ, ದನಿ ಒಳಗೇ ಇರ್ಬೇಕು."

"ಮತ್ತೆ ನಂದು ಯಾಕೋ ಹೊರಗಿದೆ?"

ಅವನು, ಗಿರಾಕಿಗೆ ಬಟ್ಟೆಯ ಗುಣ ಹೇಳುವವನ ಹಾಗೆ, ಜರ್ಮನಿಯವನಿಗೆ ಅವಳ ದನಿಯೆಂದರೆ ಪ್ರಾಣವೆಂದೂ, ಮಾತುಗಳು ಅರ್ಧರ್ಧ ಇರುವುದು ಭಾರೀ ಕಾವ್ಯವಾಗಿದೆಯೆಂದು ಬರೆದಿದ್ದಾನೆಂದೂ, ಮಂಚದ ಕೆಳಗೆ ಮಲಗುವುದು ಏನೆಂಬ ಬಗ್ಗೆಯೇ ತಟ್ಟೆಯ ಹಿಂಬದಿಯಲ್ಲಿ ಒಂದು ಪುಟ ಬರೆಸುತ್ತಾನೆಂದೂ ಹೇಳಿದ. ನೋರ್ಕಾಳಿಗೆ ನಗುವೂ ಬಂತು, ಅವನ ಹಲ್ಲು ಉದುರಿಸಬೇಕೆಂದೂ ಅನಿಸಿತು. ಕಡಲು ಕಣೋ, ಕಡಲು. ಕಿಟಕಿ ತೆರೆದರೆ ಕಡಲು ಒಳಗೆ ಬಂದು ಮಂಚದ ಕೆಳಗೆ ಮಲಗುತ್ತದೆ. ಬೆಳಗಿನ ಹೊತ್ತು ಮಂಜು ಕೋಣೆಯೊಳಗೆ ಬಂದು ನಿಂತದ್ದನ್ನು ನೋಡಿ ಎಫ್ರಾಯಿನ್ ಕಟ್ಟಿದ ಸಾಲು ಅದು. ಕಡಲನ್ನೇ ತೆಗೆದು ಮಂಚ ಇಟ್ಟುಕೊಂಡು ಕಾವ್ಯವಂತೆ.

"ಹೇಗೆ ತೆಗ್ದೆ?" ಎಂದಳು. "ಹೇಳು, ಹೇಗೆ?"

ಅದೇನೂ ಕಷ್ಟವಲ್ಲ ಎಂದ ಅವನು, ಕಷ್ಟಪಟ್ಟೆ ಎಂದು ಆಗಷ್ಟೇ ಹೇಳಿದ್ದನ್ನು ಮರೆತು. ಟೇಪಿನಲ್ಲಿ ಹಾಡೇ ಇಲ್ಲದ, ಬರೀ ಸದ್ದು ಇರುವ ಒಂದು ಚೂರು ಜಾಗ ಹುಡುಕಬೇಕು. ಅದನ್ನು ಕಂಪ್ಯೂಟರಿಗೆ ತೋರಿಸಿ, ನೋಡು, ಇದು ಕಸ, ಇಡೀ ಟೇಪಿನಲ್ಲಿ ಎಲ್ಲೆಲ್ಲಿ ಇಂಥದ್ದು ಇದೆಯೋ ಅಲ್ಲೆಲ್ಲ ಕಳೆದುಹಾಕು ಎಂದು ಹೇಳಿಕೊಡಬೇಕು. ಎಲ್ಲರೂ ಮಾಡುವುದು ಹಾಗೇ. "ಹಾಡು ಮುಗಿದ್ಮೇಲೆ ನಾವು ಸುಮ್ನೆ ಕೂತಿರ್ತಿದ್ವಲ್ಲ, ಟೇಪ್ ನಿಲ್ಸೋವರ್ಗೂ? ಆ ಜಾಗ ತಗೊಂಡೆ."

ನೋರ್ಕಾಳ ಕೈಯ ಚಮಚ ಬಟ್ಟಲಿನಲ್ಲೇ ನಿಂತಿತು. ಅದು ಅವರ ನಿಯಮ. ಕೊನೆಯ ಸ್ವರ ಕರಗಿ ಹೋಗುವವರೆಗೆ, ರೆನ್ಸೊ ಬೆರಳೆತ್ತಿ ಟೇಪು ನಿಲ್ಲಿಸುವವರೆಗೆ, ಯಾರೂ ಅಲುಗಬಾರದು, ಕುರ್ಚಿ ಕಿರುಗುಟ್ಟಬಾರದು, ಉಸಿರೂ ಬಿಡಬಾರದು. ಅವಳೂ ರೆನ್ಸೊನೂ ಕೆನ್ನೆ ಉಬ್ಬಿಸಿ ಒಬ್ಬರನ್ನೊಬ್ಬರು ನೋಡುತ್ತ ನಗು ತಡೆದು ಕೂತಿರುತ್ತಿದ್ದರು. ಎಫ್ರಾಯಿನನಿಗೆ ಆ ನಿಯಮದಿಂದ ಮಾಫಿ ಇತ್ತು. ಉಸಿರು ಕಟ್ಟಿ ಹಿಡಿಯುವ ಶಕ್ತಿ ಅವನಿಗಿರಲಿಲ್ಲ.

"ರೆನ್ಸೊ," ಎಂದಳು. "ಆ ಜಾಗದಲ್ಲಿ ಉಸಿರಾಡ್ತಿದ್ದೋನು ಯಾರೋ?"

ಆ ಕಡೆ ಅವನ ಕುರ್ಚಿ ಕಿರುಗುಟ್ಟಿತು.

"ಅವನ ಉಸಿರನ್ನ ತೋರ್ಸಿ ಇದು ಕಸ ಅಂದ್ಯಲ್ಲೋ. ಅವನು ಹಾಡ್ತಿದ್ದದ್ದೇ ಪಿಸುಮಾತಲ್ಲಿ, ಹಾಡಲ್ಲಿ ಇದ್ದದ್ದೇ ಮುಕ್ಕಾಲುಪಾಲು ಉಸಿರು. ನೀನು ಹೇಳ್ಕೊಟ್ಟ ಹಾಗೆ ಅದು ಅವನನ್ನ ಹುಡುಕಿ ಹುಡುಕಿ ತೆಗ್ದಿದೆ. ಸಂಜೆ ಬರ್ತೀನಿ. ಏನಾದ್ರೂ ಕಳಿಸ್ದ್ಯೋ, ನೋಡು ಆಮೇಲೆ."

ಸಾರಿನ ಮೇಲೆ ಕೊಬ್ಬು ಹೆಪ್ಪುಗಟ್ಟಿತ್ತು. ಅಂಗಡಿಯವಳು, ಚೆನ್ನಾಗಿಲ್ವಾ ಮಗಾ ಎಂದು ಕೇಳಿದಳು. ಚೆನ್ನಾಗಿದೆ ಎಂದು ಹೇಳುವಾಗ ನೋರ್ಕಾಳಿಗೆ ಬೆಳಗಿನ ಖುಷಿ ನೆನಪಾಯಿತು. ಒಂದು ಇಡೀ ಹಾಡು. ಒಂದು ಇಡೀ ಹಾಡಿನಲ್ಲಿ ತಮ್ಮ ಇಲ್ಲವೆಂಬುದೇ ತಿಳಿಯದೆ, ತನ್ನ ದನಿಗೆ ತಾನೇ ಮಾರುಹೋಗಿ ಕೂತಿದ್ದಳಲ್ಲ. ರೆನ್ಸೊನಿಗೆ ಬೈಯುವುದು ಸುಲಭ. ಅವಳೇ ಮೊದಲ ಹಾಡು ಒಂದನ್ನೇ ಕೇಳಿ, ಸಮಯವಿಲ್ಲವೆಂದು ಹೂಂ ಕಳಿಸಿದ್ದರೆ? ಮುಂದೆ ಎಂದಾದರೂ ಅಂಗಡಿಯಲ್ಲಿ, ಕ್ಲೋರಿಂದಾಳ ಎದುರಿಗೆ ತಟ್ಟೆ ಹಚ್ಚಿ, ಇದು ನಾನೇ ಎಂದು ತೋರಿಸಿಕೊಳ್ಳುತ್ತಿದ್ದಳೇ ಹೊರತು ಸಾಲಿನ ಮೊದಲರ್ಧ ಎಲ್ಲಿ ಎಂದು ಕೇಳುತ್ತಿದ್ದಳೇ? ಕೇಳುತ್ತಿದ್ದೆ ಎಂದುಕೊಂಡಳು. ಖಂಡಿತ ಕೇಳುತ್ತಿದ್ದೆ. ಮಧ್ಯಾಹ್ನವೆಲ್ಲ ಕನ್ನಡಕಗಳನ್ನು ಒರೆಸುತ್ತ ಅದನ್ನೇ ಹೇಳಿಕೊಂಡಳು, ಪ್ರತಿ ಸಲ ಹೇಳಿಕೊಂಡಾಗಲೂ ಅದು ಸ್ವಲ್ಪ ಸುಳ್ಳಾಗುತ್ತ ಹೋಯಿತು. ಸುಳ್ಳಾದಷ್ಟೂ ಸಿಟ್ಟು ಹೆಚ್ಚಾಯಿತು. ಸಿಟ್ಟನ್ನು ರೆನ್ಸೊನ ಕಡೆಗೆ ಮತ್ತೆ ಮತ್ತೆ ತಿರುಗಿಸಿ ನಿಲ್ಲಿಸಬೇಕಾಯಿತು.

ರೆನ್ಸೊನ ಸ್ಟುಡಿಯೋ ಪ್ವೆಬ್ಲೊ ಲಿಬ್ರೆಯಲ್ಲಿ, ಅವನ ಮಾವನ ಟೈರು ಅಂಗಡಿಯ ಹಿಂದೆ. ಸದ್ದು ಹೀರಲೆಂದು ಗೋಡೆಗೆಲ್ಲ ಮೊಟ್ಟೆಯ ಟ್ರೇಗಳನ್ನು ಅಂಟಿಸಿದ ಒಂದು ಕೋಣೆ. ಅವಳು ಹೋದಾಗ ಇನ್ನೂ ಬೆಳಕಿತ್ತು. ಅವನು ಹಂದಿಮಾಂಸದ ಬ್ರೆಡ್ಡು ತರಿಸಿಟ್ಟುಕೊಂಡು ಕಾದಿದ್ದ. ತಲೆ ಬೋಳಾಗಿತ್ತು, ಅದನ್ನು ಮುಚ್ಚಲು ಉಣ್ಣೆಯ ಟೋಪಿ. "ಮೊದ್ಲು ತಿನ್ನು, ಆಮೇಲೆ ಬೈಯುವಿಯಂತೆ," ಎಂದ.

"ನಿನ್ನ ಬ್ರೆಡ್ಡು ಯಾರಿಗೆ ಬೇಕೋ. ಹಳೇ ಟೇಪು ಇದೆಯಾ ಇಲ್ವಾ?"

"ಇದೆ. ಇದ್ರೇನು ಬಂತು? ಹಾಗೇ ಕೊಟ್ರೆ ಅವ್ರು ಅಚ್ಚು ಹಾಕಲ್ಲ. ಅಷ್ಟು ಸದ್ದಿದ್ರೆ ಆಗಲ್ಲ ಅಂತ ಮೊದ್ಲೇ ಬರ್ದಿದಾರೆ. ಒಂದಾ ಇದು, ಇಲ್ಲಾಂದ್ರೆ ಏನೂ ಇಲ್ಲ."

"ಹಾಗಾದ್ರೆ ಏನೂ ಬೇಡ."

ಅವನು ಟೋಪಿ ತೆಗೆದು ಮೇಜಿನ ಮೇಲೆ ಒಗೆದ. "ಎಷ್ಟು ಸಲೀಸಾಗಿ ಹೇಳ್ಬಿಟ್ಟೆ! ನಿನಗೇನೇ, ಕನ್ನಡಕ ಮಾರ್ಕೊಂಡು ಆರಾಮಾಗಿದ್ದೀಯ. ನಾನು ಈ ಕೋಣೇಲಿ ಕೂತು ಏನು ಮಾಡ್ತೀನಿ ಗೊತ್ತಾ? ಸುಟ್ಟ ಕೋಳಿ ಹೋಟ್ಲುಗಳ ಜಾಹೀರಾತಿಗೆ ರಾಗ ಹಾಕ್ತೀನಿ. ಗರಿಗರಿ ಕೋಳಿ, ಬಿಸಿಬಿಸಿ ಕೋಳಿ. ನಾನು ಬದುಕಲ್ಲಿ ಮಾಡಿದ ಒಳ್ಳೇ ಕೆಲಸ ಅಂದ್ರೆ ಅದೊಂದೇ ಆಲ್ಬಮ್ಮು. ಅದನ್ನ ಯಾರೋ ಕೇಳ್ಲಿ ಅಂದ್ರೆ ತಪ್ಪಾ?"

"ಕೇಳ್ಲಿ. ಅದರಲ್ಲಿ ಇದ್ದೋರನ್ನೆಲ್ಲ ಕೇಳ್ಲಿ."

"ಅವನ ಹೆಸ್ರು ದೊಡ್ಡದಾಗಿ ಹಾಕಿಸ್ತಿದ್ದೀನಿ. ನಮ್ಮಿಬ್ರಿಗಿಂತ ಮೇಲೆ."

"ಹೆಸ್ರು ಮೇಲೆ, ಮನುಷ್ಯ ಕಸದ ಬುಟ್ಟಿಗೆ! ಥೂ, ನಾಚ್ಕೆ ಆಗಲ್ವೇನೋ ನಿನಗೆ? ಅವನ ಮಂಚದ ಮೇಲೆ ಕೂತು ನಮ್ಮಮ್ಮ ಮಾಡಿದ ಸಾರು ಕುಡ್ದಿದೀಯ."

"ನನಗೆ ಆ ಸದ್ದು ಕೇಳೋಕ್ಕಾಗಲ್ಲ!" ಎಂದು ರೆನ್ಸೊ ಕಿರುಚಿದ. ಟೈ‌ರು ಅಂಗಡಿಯಲ್ಲಿ ಸುತ್ತಿಗೆಯ ಬಡಿತ ನಿಂತಿತು. ಅವನು ದನಿ ತಗ್ಗಿಸಿ, ಮುಖ ತಿರುಗಿಸಿ ಹೇಳಿದ. "ಟೇಪು ಹಚ್ಚಿದ ಕೂಡ್ಲೇ ಅದು ಬರುತ್ತೆ, ಗುಂಯ್ ಅಂತ. ಮೊದಲ್ನೇ ಸಲ ಬಚ್ಚಲಿಗೆ ಓಡಿ ಹೋಗಿ ವಾಂತಿ ಮಾಡ್ಕೊಂಡೆ. ಅದು ಸಾಯೋ ಸದ್ದು ಕಣೇ ನೋರ್ಕಾ. ಅದನ್ನ ಜನಕ್ಕೆ ಹೇಗೆ ಕೇಳ್ಸೋದು?"

"ಸಾಯೋ ಸದ್ದಾ?" ಎಂದಳು ಅವಳು. "ಅದು ಬದುಕಿದ್ದ ಸದ್ದು ಕಣೋ! ಅದು ಕೇಳ್ತಿರೋವರ್ಗೂ ಅವನಿದ್ದ. ಪಕ್ಕದ ಕೋಣೇಲಿ ಮಲಗಿ ಅದು ಕೇಳ್ತಿದ್ರೆ ನಮಗೆ ನಿದ್ದೆ ಬರ್ತಿತ್ತು. ಅವನು ಸತ್ತ ದಿನ ಅದು ನಿಂತಿತ್ತು, ಗೊತ್ತಾ ನಿನಗೆ? ನಿಂತಿತ್ತು!"

ಹೊರಗೆ ಸುತ್ತಿಗೆ ಮತ್ತೆ ಶುರುವಾಯಿತು. ರೆನ್ಸೊ ಬ್ರೆಡ್ಡಿನ ಕಾಗದವನ್ನು ಮಡಿಸುತ್ತ ಬಿಡಿಸುತ್ತ ಕೂತಿದ್ದ. ನೋರ್ಕಾಳಿಗೆ ಅವನ ಬೋಳುತಲೆ ನೋಡಿ ಒಂದು ಕ್ಷಣ ಪಾಪ ಅನಿಸಿತು, ಅನಿಸಿದ್ದಕ್ಕೆ ಮತ್ತೆ ಸಿಟ್ಟು ಬಂತು. ಇವನು ಅತ್ತದ್ದನ್ನು ಅವಳು ನೋಡಿರಲಿಲ್ಲ. ಮಣ್ಣಿಗೂ ಇವನು ತಡವಾಗಿ ಬಂದು ಹಿಂದೆ ನಿಂತಿದ್ದ, ತನ್ನ ಬೂಟನ್ನೇ ನೋಡುತ್ತ.

"ತೆಗ್ದಿದ್ದೆಲ್ಲ ಎಲ್ಲಿ ಹೋಯ್ತು?" ಎಂದಳು.

"ಅಂದ್ರೆ?"

"ಕಸ ಅಂತ ತೆಗ್ದ್ಯಲ್ಲ. ಅದು ಎಲ್ಲಾದ್ರೂ ಇರುತ್ತಾ, ಅಥವಾ ಹೋದ್ರೆ ಹೋಯ್ತಾ?"

"ಇರುತ್ತೆ. ತೆಗ್ದಿದ್ದನ್ನ ಮಾತ್ರ ಕೇಳೋಕೆ ಒಂದು ಗುಂಡಿ ಇದೆ. ಕಸದ ಜೊತೆ ಒಳ್ಳೇದೇನಾದ್ರೂ ಹೋಯ್ತಾ ಅಂತ ನೋಡ್ಕೊಳ್ಳೋಕೆ. ಮೊದ್ಲು ಅದನ್ನ ಕೇಳಿ ಆಮೇಲೇ ಮುಂದಿನ ಕೆಲಸ ಮಾಡ್ಬೇಕು."

"ಕೇಳ್ದ್ಯಾ?"

ಅವನು ತಲೆ ಎತ್ತಲಿಲ್ಲ. "ಇಲ್ಲ."

"ಈಗ ಒತ್ತು."

"ನೋರ್ಕಾ, ಬೇಡ ಕಣೇ."

"ಒತ್ತೋ."

ಅವನು ಒತ್ತಿದ. ಸ್ಪೀಕರುಗಳಿಂದ ಮೊದಲು ಮಿಷನ್ ಬಂತು. ಎಷ್ಟೋ ವರ್ಷ ಕೇಳದಿದ್ದ ಗುಂಯ್‌ಕಾರ ಮೊಟ್ಟೆಯ ಟ್ರೇಗಳ ಕೋಣೆಯನ್ನು ತುಂಬಿಕೊಂಡು, ಅವಳ ಎದೆಯ ಮೂಳೆಗೆ ಬಂದು ತಗುಲಿತು. ಪುಸ್ಸೆಂದಿತು ಕವಾಟ. ಗಿಟಾರಿಲ್ಲ. ಕಂಪ್ಯೂಟರಿನ ಸ್ವರವಿಲ್ಲ. ಅವಳ ದನಿಯೂ ಇಲ್ಲ. ಅವುಗಳೆಲ್ಲ ಆ ಕಡೆ, ಸ್ವಚ್ಛವಾದ ಕಡೆ ಉಳಿದುಕೊಂಡಿದ್ದವು. ಆಮೇಲೆ ಒಂದು ಉಸಿರು, ಗಂಟಲಿನ ಸಣ್ಣ ತೂತಿನಿಂದ ಎಳೆದುಕೊಂಡ, ಸಿಳ್ಳೆಯಂಥ ಉಸಿರು. ಎಫ್ರಾಯಿನ್ ಹಾಡಿದ.

‘ತೋಳು ಚಾಚಿ ನಿಂತ ಅಂಗಿಗೆ’

ಮಾತು ಮಾತೂ ಕೇಳಿಸಿತು. ಆಲ್ಬಮ್ಮಿನಲ್ಲಿ ಯಾವತ್ತೂ ಹೀಗೆ ಕೇಳಿಸಿರಲಿಲ್ಲ. ಗಿಟಾರುಗಳ ಅಡಿಯಲ್ಲಿ, ಅವಳ ದನಿಯ ಅಡಿಯಲ್ಲಿ, ಸಂಗೀತವೇ ಹಾಗೆಂದುಕೊಂಡು ಅವರೇ ಮುಳುಗಿಸಿಟ್ಟಿದ್ದ ದನಿ. ಕವಾಟದ ತಾಳಕ್ಕೆ ಸರಿಯಾಗಿ, ಒಂದು ಕೂದಲೆಳೆಯಷ್ಟೂ ಶ್ರುತಿ ಬಿಡದೆ ಅವನು ಹಾಡುತ್ತಿದ್ದ. ಸಾಲು ಅರ್ಧಕ್ಕೆ ನಿಂತಿತು. ಅಲ್ಲಿ ಅವಳ ದನಿ ಬರಬೇಕು, ಬರಲಿಲ್ಲ. ಬರೀ ಮಿಷನ್. ಅವನ ತುಟಿ ಬಿಚ್ಚಿಕೊಂಡದ್ದು ಕೇಳಿಸಿತು, ಉಗುಳು ನುಂಗಿದ್ದು ಕೇಳಿಸಿತು. ಅವಳು ಹಾಡಿ ಮುಗಿಸಲಿ ಎಂದು ಅವನು ಕಾಯುತ್ತಿದ್ದದ್ದು ಅಷ್ಟು ಸ್ಪಷ್ಟವಾಗಿ ಕೇಳಿಸಿತು.

ರೆನ್ಸೊ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಿದ್ದ. "ಇದನ್ನ ನಾನೇ ತೋರಿಸ್ಕೊಟ್ಟೆ," ಎಂದ ಬೆರಳುಗಳ ಸಂದಿಯಿಂದ. "ಇದು ಕಸ ಅಂತ ನಾನೇ." ಅವನ ಕೈ ದನಿ ತಗ್ಗಿಸುವ ಗುಂಡಿಯ ಕಡೆ ಹೋಯಿತು. ನೋರ್ಕಾ ಆ ಕೈಯ ಮೇಲೆ ಪಟಾರನೆ ಹೊಡೆದಳು.

"ಕೈ ತೆಗಿ. ಆ ಜರ್ಮನಿಯೋರಿಗೆ ಬರಿ. ಈಗ್ಲೇ, ನನ್ನ ಕಣ್ಣ ಮುಂದೆ. ಮೂರು ಜನ ಮಾಡಿದ್ದು, ಮಿಷನ್ ಸೇರಿ ಮಾಡಿದ್ದು. ಬೇಕಿದ್ರೆ ಹಾಗೇ ತಗೊಳ್ಲಿ, ಇಲ್ಲಾಂದ್ರೆ ಅವರ ತಟ್ಟೆ ಅವರ ಮನೇಲೇ ಇಟ್ಕೊಳ್ಲಿ."

"ತಗೊಳಲ್ಲ ಅವ್ರು."

"ಬರಿಯೋ!"

ಅವನು ಮೂಗೊರೆಸಿಕೊಂಡು ಕೀಲಿಮಣೆ ಒತ್ತತೊಡಗಿದ. ಅವನ ಬದುಕಿನ ಒಳ್ಳೆಯ ಕೆಲಸವೊಂದು ಆ ಬೆರಳುಗಳ ಕೆಳಗೆ ಹೋಗುತ್ತಿತ್ತು, ಅದು ಅವಳಿಗೂ ಗೊತ್ತಿತ್ತು. ಅವಳಿಗೆ ತನ್ನ ದನಿಯೂ ಅದರ ಜೊತೆ ಹೋಗುತ್ತಿರುವುದು ಗೊತ್ತಿತ್ತು, ಇಪ್ಪತ್ತರ ಹರೆಯದ ಆ ಚಂದದ ದನಿ, ಇನ್ನು ಯಾರ ಎದುರಿಗೂ ಹಚ್ಚಿ ತೋರಿಸಲಾಗದು. ಹೋಗಲಿ ಎಂದುಕೊಂಡಳು, ಹಲ್ಲು ಕಚ್ಚಿ. ಸ್ಪೀಕರಿನಲ್ಲಿ ಕವಾಟ ಪುಸ್ಸೆಂದಿತು. ಎಫ್ರಾಯಿನ್ ಉಸಿರು ಎಳೆದುಕೊಂಡ.

‘ಕಿಟಕಿ ತೆರೆದರೆ ಕಡಲು ಒಳಗೆ ಬಂದು’

ಅವನು ನಿಂತ, ಕಾದ. ಮಧ್ಯಾಹ್ನದಿಂದ ಬೈದು ಬೈದು ಒಡೆದುಹೋಗಿದ್ದ ಗಂಟಲಿನಿಂದ, ಎರಡು ಸ್ವರಗಳ ಸಂದಿಯನ್ನು ಹುಡುಕಿಕೊಂಡು ನೋರ್ಕಾ ಹಾಡಿದಳು.

"ಮಂಚದ ಕೆಳಗೆ ಮಲಗುತ್ತದೆ."

ರೆನ್ಸೊನ ಬೆರಳು ನಿಂತುಹೋಯಿತು. ಅವನು ತಿರುಗಿ ಅವಳನ್ನು ನೋಡಿದ.

"ನನ್ನೇನು ನೋಡ್ತೀಯ? ನೀನು ಬರಿ," ಎಂದಳು ಅವಳು, ಅವನ ಭುಜಕ್ಕೆ ಗುದ್ದಿ. ಸ್ಪೀಕರಿನೊಳಗೆ ಅವಳ ತಮ್ಮ ಮುಂದಿನ ಸಾಲಿಗೆ ಉಸಿರು ತುಂಬಿಕೊಳ್ಳುತ್ತಿದ್ದ.